ಮಾರಬಾರದ ಗುಡ್ಡ, ಅದನ್ನು ಕಾಯುವ ಮಂದಿ

ನಾಸಿಕ್ ರೋಡಿನಲ್ಲಿ ನಮ್ಮ ಕೆಳಗಿನ ಮಹಡಿಯಲ್ಲಿ ಒಬ್ಬರು ಕಾಕಾ ಇದ್ದಾರೆ. ನೋಟು ಅಚ್ಚಾಗುವ ಪ್ರೆಸ್ಸಿನಲ್ಲಿ ದುಡಿದು ನಿವೃತ್ತರಾದವರು. ಒಂದು ಭಾನುವಾರ ಬೆಳಿಗ್ಗೆ, ನಾನಿನ್ನೂ ಚಹಾ ಮುಗಿಸಿರಲಿಲ್ಲ, ಅವರು ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಕೇಳಿದರು: "ನಿಮಗೆ ಕಾನಡಿ ಬರ್ತದಲ್ಲ? ಸ್ವಲ್ಪ ನನ್ನ ಜೊತೆ ಬರ್ರಿ. ಅಲ್ಲಿ ಇರೋ ಮಂದಿ ಜೊತೆ ಮಾತಾಡಲಿಕ್ಕೆ ನಮ್ಮಲ್ಲಿ ಯಾರಿಗೂ ಬರೋದಿಲ್ಲ."

ನಾನು ಹುಮನಾಬಾದ್ ಕಡೆಯವನು. ಅಂಬಡ್‌ನಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಮಗಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ನನ್ನ ಕನ್ನಡವನ್ನು ಹುಡುಕಿಕೊಂಡು ಯಾರಾದರೂ ಮನೆ ಬಾಗಿಲಿಗೆ ಬಂದದ್ದು ಅದೇ ಮೊದಲು. ಅಂಗಿ ಹಾಕಿಕೊಂಡು ಹೊರಟೆ.

ಕಾಕಾ ಸ್ಕೂಟರ್ ನಡೆಸುತ್ತಲೇ ವಿಷಯ ಹೇಳಿದರು. ನಿಫಾಡ್ ಕಡೆ ಒಂದು ಗುಡ್ಡವಿದೆ. ಅದರ ಪಾದದಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ಸೆಲೆ. ಸುತ್ತಲಿನ ತೋಟಗಳ ಬಾವಿಗಳಿಗೆ ನೀರು ಬರುವುದೇ ಆ ಗುಡ್ಡ ಹೀರಿಕೊಂಡ ಮಳೆಯಿಂದ. ಜಮೀನಿಗೆ ಚಿನ್ನದ ಬೆಲೆ ಬಂದಾಗ ಕೆಲವು ರೈತರು ಸೇರಿ ತಮ್ಮ ಪಾಲಿನ ಗುಡ್ಡವನ್ನು ಒಂದು ಟ್ರಸ್ಟಿಗೆ ಬರೆದುಕೊಟ್ಟರು. ಮಾರಬಾರದು, ಮನೆ ಕಟ್ಟಬಾರದು, ಹುಲ್ಲು ಮತ್ತು ನೀರು ಊರಿನದಾಗಿರಬೇಕು ಎಂಬುದು ಷರತ್ತು. ಅದನ್ನು ನೋಡಿಕೊಳ್ಳುವ ಮಂಡಳಿಯಲ್ಲಿ ಕಾಕಾ ಒಬ್ಬರು.

"ನೌಕರಿಯಲ್ಲಿ ಇದ್ದಷ್ಟು ದಿನ ಬೇರೆಯವರ ನೋಟು ಕಾಯ್ದೆ. ಈಗ ಬೇರೆಯವರ ಗುಡ್ಡ ಕಾಯ್ತೀನಿ," ಎಂದು ನಕ್ಕರು.

ಗುಡ್ಡದ ಕೆಳಗೆ, ಸೆಲೆಯ ಪಕ್ಕದಲ್ಲೇ, ತಾಡಪತ್ರಿ ಹೊದಿಸಿದ ಗುಡಿಸಲುಗಳು ಎದ್ದಿದ್ದವು. ಹತ್ತಿರದಲ್ಲಿ ನಡೆಯುತ್ತಿದ್ದ ದೊಡ್ಡ ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ ಸೀಮೆಯ ಜನ. ಒಬ್ಬ ಹೆಂಗಸು ಗುಡಿಸಲಿನ ಮುಂದೆ ನೆಲ ಸಾರಿಸುತ್ತಿದ್ದಳು. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಕೈಯಲ್ಲಿದ್ದ ಸಗಣಿ ಬುಟ್ಟಿ ಕೆಳಗಿಟ್ಟು ಎದ್ದು ನಿಂತಳು.

"ಅಯ್ಯ, ನೀವು ನಮ್ ಕಡೇರೇನ್ರೀ ಅಣ್ಣಾ?"

"ಹುಮನಾಬಾದ್ ಕಡೇಂವ ಇದ್ದೀನ್ರೀ ಅಕ್ಕಾ. ಇಲ್ಲಿ ಇರಾಕ ಯಾರು ಹೇಳಿದ್ರು ನಿಮಗ?"

"ಗುತ್ತೇದಾರ ಹೇಳ್ಯಾನ್ರೀ. ಇದು ಸರಕಾರಿ ಗುಡ್ಡ, ಯಾರೂ ಕೇಳಂಗಿಲ್ಲ, ನೀರೂ ಅದ, ಇಲ್ಲೇ ಹಾಕ್ಕೋರಿ ಅಂದಾನ. ನಮಗೇನು ಗೊತ್ತ್ರೀ? ತಂದು ಇಳಿಸಿದ, ಇಳದೀವಿ."

ಅವತ್ತೇ ಮಂಡಳಿಯ ಸಭೆ ಇತ್ತು. ದ್ರಾಕ್ಷಿ ತುಂಬುವ ಒಂದು ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಶೆಡ್ಡಿನ ಒಡತಿಯೇ ಮಂಡಳಿಯ ಅಧ್ಯಕ್ಷೆ. ಎಲ್ಲರೂ ಆಕೆಯನ್ನು 'ತಾಈ' ಎನ್ನುತ್ತಿದ್ದರು, ಮರಾಠಿಯಲ್ಲಿ ಅಕ್ಕ ಎಂದರ್ಥ. ಗಂಡ ತೀರಿಕೊಂಡ ಮೇಲೆ ತೋಟವನ್ನು ಒಬ್ಬಳೇ ನಡೆಸಿದವಳು. ಗುಡ್ಡದ ಒಂದು ಭಾಗವನ್ನು ಬರೆದುಕೊಟ್ಟದ್ದೂ ಆಕೆಯೇ. ಎದುರಿಗೆ ಸಂಭಾಜಿನಗರದಿಂದ ಬಂದಿದ್ದ ಒಬ್ಬ ವಕೀಲರು, ಅವರೂ ಮಂಡಳಿಯವರೇ. ಸಣಕಲು ದೇಹ, ಬೇಸಿಗೆಯಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ ಅಂಗಿ. ಪ್ರತಿ ಸಭೆಗೂ ಬೆಳಗಿನ ಬಸ್ಸು ಹಿಡಿದು, ಬಟ್ಟೆಯಲ್ಲಿ ಕಟ್ಟಿದ ಜೋಳದ ಭಾಕ್ರಿ ತಂದು, ತಮ್ಮ ಬುತ್ತಿಯನ್ನೇ ಉಣ್ಣುತ್ತಿದ್ದರಂತೆ.

ನಾನು ಕೇಳಿದ್ದನ್ನೆಲ್ಲ ಹೇಳಿದೆ. ವಕೀಲರು ಕನ್ನಡಕ ಒರೆಸಿಕೊಂಡು, "ಅವರು ಅಲ್ಲಿಂದ ಹೋಗಲೇಬೇಕು," ಎಂದರು.

ನನಗೆ ಮೈಯೆಲ್ಲ ಉರಿಯಿತು. ಈ ಊರಿಗೆ ಹೊಸದಾಗಿ ಬಂದಾಗ ಅಂಬಡ್‌ನಲ್ಲಿ ಬಾಡಿಗೆ ಕೋಣೆಗಾಗಿ ನಾನೂ ಅಲೆದಿದ್ದೆ. "ಎಲ್ಲಿಗೆ ಹೋಗಬೇಕು ಸಾಹೇಬರೇ?" ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

ಅವರಿಗೆ ಸಿಟ್ಟು ಬರಲಿಲ್ಲ. "ಹೋಗಬೇಕೋ ಬೇಡವೋ ಎಂಬುದರ ಮೇಲೆ ಚರ್ಚೆ ಇಲ್ಲ. ಎಲ್ಲಿಗೆ ಎಂಬುದನ್ನು ನಿರ್ಧರಿಸಲಿಕ್ಕೇ ನಾನು ಬಸ್ಸು ಹಿಡಿದು ಬಂದದ್ದು. ಬಡವರನ್ನು ಮುಂದೆ ಕೂರಿಸಿ ಹಿಂದಿನಿಂದ ಜಮೀನು ನುಂಗುವುದು ಹಳೆಯ ದಾರಿ. ಇವತ್ತು ಗುಡಿಸಲು. ನಾಳೆ ಯಾರೋ ಬಂದು, ಇಲ್ಲಿ ಮನೆಗಳು ಮೊದಲಿನಿಂದಲೂ ಇದ್ದವು, ನಾವೂ ಕಟ್ಟುತ್ತೇವೆ ಅನ್ನುತ್ತಾರೆ. ಆಗ ಈ ಜನರೂ ಇರುವುದಿಲ್ಲ, ಗುಡ್ಡವೂ ಇರುವುದಿಲ್ಲ. ಕೂಲಿಯವರಿಗೆ ವಸತಿ ಕೊಡಬೇಕಾದವನು ಗುತ್ತೇದಾರ. ಅವನಿಂದ ಕೊಡಿಸೋಣ. ಆದರೆ ಅದಕ್ಕೆ ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ?"

ತಾಈ ತಲೆಯೆತ್ತಿ ತನ್ನ ಶೆಡ್ಡನ್ನು ಒಮ್ಮೆ ನೋಡಿದಳು. ಆ ವರ್ಷದ ಕೊಯ್ಲು ಮುಗಿದಿತ್ತು. ಮೂಲೆಯಲ್ಲಿ ಮಡಚಿದ ರಟ್ಟಿನ ಪೆಟ್ಟಿಗೆಗಳನ್ನು ಬಿಟ್ಟರೆ ಶೆಡ್ಡು ಖಾಲಿ.

"ಇಲ್ಲಿರಲಿ," ಎಂದಳು. "ಮುಂದಿನ ಹಣ್ಣು ಬರುವವರೆಗೆ ನನಗೆ ಇದರ ಕೆಲಸವಿಲ್ಲ. ನಲ್ಲಿ ಇದೆ, ಮೇಲೆ ತಗಡು ಇದೆ."

ಆಕೆಯ ಮೈದುನ ಅಲ್ಲೇ ನಿಂತಿದ್ದ. "ಅತ್ತಿಗೆ, ಒಮ್ಮೆ ಒಳಗೆ ಬಿಟ್ಟರೆ ಹೊರಗೆ ಹೋಗ್ತಾರೇನು?" ಎಂದ.

"ಗುಡ್ಡ ಊರಿನದು, ಅದರ ಬಗ್ಗೆ ನಾನು ಹೆದರಬೇಕು. ಶೆಡ್ಡು ನನ್ನದು. ನನ್ನದರ ಬಗ್ಗೆ ನನಗೆ ಹೆದರಿಕೆ ಇಲ್ಲ," ಎಂದಳು ತಾಈ. ಕಾಕಾ ಆಗಲೇ ಫೋನ್ ತೆಗೆದು ಟೆಂಪೋದವನ ಜೊತೆ ಮಾತಾಡತೊಡಗಿದ್ದರು.

ಮಧ್ಯಾಹ್ನ ಎಲ್ಲರೂ ಗುಡ್ಡಕ್ಕೆ ಹೋದೆವು. ಗುಡಿಸಲುಗಳ ಜನ ಗುಂಪಾಗಿ ನಿಂತರು. ಬೆಳಿಗ್ಗೆ ಮಾತಾಡಿಸಿದ ಹೆಂಗಸೇ ಎಲ್ಲರ ಪರವಾಗಿ ಮುಂದೆ ಬಂದಳು. ವಕೀಲರು ನನ್ನ ಕಡೆ ತಿರುಗಿ, "ನಾನು ಹೇಳಿದ್ದನ್ನೇ ಹೇಳಿ. ಸಿಹಿ ಬೆರೆಸಬೇಡಿ," ಎಂದರು.

ಅವರ ಮಾತನ್ನು ಅವರೇ ಆಡಿದಂತೆ ಹೇಳಿದೆ. ಇಲ್ಲಿ ನೀವು ಇರುವ ಹಾಗಿಲ್ಲ. ನೀವಷ್ಟೇ ಅಲ್ಲ, ಯಾರೂ ಇರುವ ಹಾಗಿಲ್ಲ, ನಾನೂ ಇಲ್ಲಿ ಒಂದು ಕೋಣೆ ಕಟ್ಟುವಂತಿಲ್ಲ. ಗುತ್ತೇದಾರ ನಿಮಗೆ ಸುಳ್ಳು ಹೇಳಿದ್ದಾನೆ. ಅವನು ನೀರು, ಕೋಣೆ ಕೊಡುವವರೆಗೆ ಈ ತಾಈಯ ಶೆಡ್ಡಿನಲ್ಲಿರಿ. ಕೊಡಿಸುವವರೆಗೆ ನಾನು ಬಿಡುವುದಿಲ್ಲ.

ಆಕೆ ವಕೀಲರನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು: "ಇವರು ಮಾತಿನ ಮನುಷ್ಯಾರೇನ್ರೀ ಅಣ್ಣಾ? ನೀವು ಹೇಳ್ರಿ. ನೀವು ಹೌದಂದ್ರ ಬರ್ತೀವಿ."

ಏನು ಹೇಳಲಿ? ಹೌದೆಂದರೆ ಕೆಲಸ ಮುಗಿಯುತ್ತಿತ್ತು. ಆದರೆ ಆ ಮನುಷ್ಯನನ್ನು ನಾನು ಕಂಡದ್ದು ಅಂದೇ. "ನನಗೂ ಇವತ್ತೇ ಪರಿಚಯ ಅಕ್ಕಾ. ಸುಳ್ಳು ಹೇಳಂಗಿಲ್ಲ," ಎಂದೆ.

ಅಷ್ಟರಲ್ಲಿ ತಾಈ ಸೆರಗು ಸೊಂಟಕ್ಕೆ ಸಿಕ್ಕಿಸಿ, ತುಂಬಿದ ಒಂದು ಕೊಡವನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಟೆಂಪೋದ ಕಡೆ ನಡೆದೇಬಿಟ್ಟಳು. ಭಾಷೆ ಗೊತ್ತಿಲ್ಲದ ಆಕೆಗೆ ನಮ್ಮಲ್ಲಿ ಏನು ಮಾತು ನಡೆದಿದೆ ಎಂಬುದೂ ಗೊತ್ತಿರಲಿಲ್ಲ.

"ಏ, ಆ ಯವ್ವ ಕೊಡ ಹೊತ್ತಾಳ ನೋಡ್ರೇ! ನಿಂತೀರೇನು? ನಡೀರಿ," ಎಂದು ಹೆಂಗಸು ಉಳಿದವರಿಗೆ ಕೂಗಿದಳು. ಸಂಜೆಯೊಳಗೆ ಗುಡ್ಡದ ಪಾದ ಖಾಲಿಯಾಯಿತು.

ಮಂಡಳಿಯವರನ್ನು ನಾನು ನಿಜವಾಗಿ ತಿಳಿದುಕೊಂಡದ್ದು ಆಮೇಲಿನ ದಿನಗಳಲ್ಲಿ. ವಕೀಲರು ಕಾರ್ಮಿಕ ಕಚೇರಿಗೆ ದೂರು ಕೊಟ್ಟರು. ಪ್ರತಿ ಬಾರಿಯೂ ತಮ್ಮ ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅಧಿಕಾರಿ ಸಿಗದಿದ್ದರೆ ಬಾಕಿನ ಮೇಲೆ ಕೂತು ಭಾಕ್ರಿ ತಿಂದು, ಮತ್ತೆ ಒಳಗೆ ಇಣುಕುತ್ತಿದ್ದರು. ರಜೆ ಹಾಕಿ ನಾನೂ ಕೆಲವು ಸಲ ಜೊತೆಗೆ ಕೂತೆ, ಕೂಲಿಯವರ ಮಾತನ್ನು ಮರಾಠಿಗೆ ಹೇಳಲು. ಅಲ್ಲೂ ವಕೀಲರದು ಅದೇ ತಾಕೀತು: ಕೂಲಿಯವರು ಹೇಳಿದಷ್ಟೇ ಹೇಳಿ.

ಒಂದು ದಿನ ಗುತ್ತೇದಾರ ಸಿಹಿ ಡಬ್ಬ ಹಿಡಿದು ತಾಈಯ ಅಂಗಳಕ್ಕೆ ಬಂದ. ದೂರು ಹಿಂದಕ್ಕೆ ತೆಗೆದುಕೊಂಡರೆ ಗುಡ್ಡಕ್ಕೆ ಸುತ್ತಲೂ ಕಾಂಪೌಂಡ್ ಕಟ್ಟಿಸಿಕೊಡುತ್ತೇನೆ, ಮತ್ತೆ ಯಾರೂ ಒಳಗೆ ಬರದಂತೆ ಆಗುತ್ತದೆ ಎಂದ. ಮಂಡಳಿಗೆ ಕಾಂಪೌಂಡ್ ಬೇಕಾಗಿಯೇ ಇತ್ತು, ಅದು ನನಗೆ ಗೊತ್ತಿತ್ತು. ಕಾಕಾ ಸ್ವಲ್ಪ ಆಸೆಯಿಂದಲೇ ತಾಈಯ ಮುಖ ನೋಡಿದರು.

ತಾಈ ಡಬ್ಬವನ್ನು ಹಿಂದಕ್ಕೆ ಕೊಟ್ಟಳು. "ಮೊದಲು ಅವರಿಗೆ ಗೋಡೆ ಕಟ್ಟಿಸು. ಗುಡ್ಡಕ್ಕೆ ಗೋಡೆ ಇಲ್ಲದಿದ್ದರೂ ನಡೆಯುತ್ತದೆ."

ಮಳೆಗಾಲ ಹಿಡಿಯುವ ಮೊದಲು ಕಟ್ಟಡದ ಜಾಗದಲ್ಲೇ ತಗಡಿನ ಮಾಡಿನ ಕೋಣೆಗಳು ಎದ್ದವು. ಕಾಕಾ ಒಂದೊಂದು ನಲ್ಲಿಯನ್ನೂ ತಿರುಗಿಸಿ, ಶೌಚಾಲಯದ ಬಾಗಿಲಿನ ಚಿಲಕಗಳನ್ನು ಹಾಕಿ ತೆಗೆದು ನೋಡಿದರು. ಎರಡು ಚಿಲಕ ಸರಿಯಿರಲಿಲ್ಲ. ಅವು ಸರಿಯಾಗುವವರೆಗೆ ಯಾರನ್ನೂ ಶೆಡ್ಡಿನಿಂದ ಕದಲಿಸಬಾರದೆಂದು ಹಟ ಹಿಡಿದರು. ಹೋಗುವ ದಿನ ಹೆಂಗಸರು ಶೆಡ್ಡನ್ನು ತೊಳೆದು, ಬಾಗಿಲಿಗೆ ರಂಗೋಲಿ ಹಾಕಿ ಹೋದರು. ಅದು ನಮ್ಮ ಕಡೆಯ ರಂಗೋಲಿ. ತಾಈ ಮಳೆ ಬರುವವರೆಗೆ ಅದನ್ನು ತುಳಿಯದೆ ದಾಟುತ್ತಿದ್ದಳು.

ಅದಾದ ಮೇಲೆ ಮಂಡಳಿಯಲ್ಲಿ ಒಂದು ಜಾಗ ಖಾಲಿಯಾದಾಗ ನನ್ನನ್ನು ಕೇಳಿದರು. ನನಗೆ ಇಲ್ಲಿ ಒಂದು ಗುಂಟೆ ಜಮೀನೂ ಇಲ್ಲ ಎಂದೆ. "ಅದಕ್ಕೇ," ಎಂದರು ವಕೀಲರು, ಅಷ್ಟೇ. ಹೊಗಳಿದರೋ ಅಣಕಿಸಿದರೋ ಇಂದಿಗೂ ತಿಳಿದಿಲ್ಲ. ಸಭೆಗಳಲ್ಲಿ ನಾವು ಬಹಳ ಜಗಳವಾಡುತ್ತೇವೆ. ಮೇಕೆಗಳನ್ನು ಗುಡ್ಡದಲ್ಲಿ ಎಲ್ಲಿಯವರೆಗೆ ಮೇಯಲು ಬಿಡಬೇಕು ಎಂಬುದರ ಮೇಲೆ ಕಾಕಾ ಮತ್ತು ವಕೀಲರು ಒಂದಿಡೀ ಬೇಸಿಗೆ ಮಾತು ಬಿಟ್ಟಿದ್ದರು. ಆದರೂ ವಕೀಲರನ್ನು ಬಸ್ ನಿಲ್ದಾಣದಿಂದ ಸ್ಕೂಟರಿನಲ್ಲಿ ಕರೆತರುವುದನ್ನು ಕಾಕಾ ಬಿಡಲಿಲ್ಲ. ಇಬ್ಬರೂ ತುಟಿ ಹೊಲಿದುಕೊಂಡು ಬಂದಿಳಿಯುತ್ತಿದ್ದರು.

ಕಟ್ಟಡ ಮುಗಿದ ಮೇಲೆ ಕೂಲಿಯ ಜನ ಬೇರೆಡೆಗೆ ಹೋದರು. ಹೋದ ಚಳಿಗಾಲದಲ್ಲಿ ಆ ಹೆಂಗಸಿನ ಫೋನ್ ಬಂತು. ಈಗ ಸಂಭಾಜಿನಗರದ ಹೊರಗೆ ರಸ್ತೆಯ ಕೆಲಸದಲ್ಲಿದ್ದಳು. "ಅಣ್ಣಾ, ಇಲ್ಲೂ ನೀರಿಲ್ಲ, ಕೋಣಿ ಇಲ್ಲ. ಆ ಸಣಕಲ ವಕೀಲರು ಇದೇ ಊರಾಗ ಇರ್ತಾರಂತಲ್ರೀ? ಅವರಿಗಿ ಹೇಳ್ರಿ."

ಹೇಳಿದೆ. ಭಾನುವಾರ ನಾನು ಬಸ್ಸಿಳಿದು ವಿಳಾಸ ಕೇಳಿಕೊಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ವಕೀಲರು ಆಗಲೇ ಬಂದಿದ್ದರು. ಕಲ್ಲಿನ ಮೇಲೆ ಕೂತು ಆಕೆ ಕೊಟ್ಟ ಚಹಾ ಕುಡಿಯುತ್ತಿದ್ದರು. ಆಕೆ ಕನ್ನಡದಲ್ಲಿ ಒಂದೇ ಸಮನೆ ದೂರು ಹೇಳುತ್ತಿದ್ದಳು. ಅವರು ಒಂದು ಅಕ್ಷರವೂ ತಿಳಿಯದೆ, ಗಂಭೀರವಾಗಿ ತಲೆಯಾಡಿಸುತ್ತ ಕೇಳುತ್ತಿದ್ದರು.