ದಸ್ತಗೀರನ ತಂದೆಯ ಕೊನೆಯ ಮಧ್ಯಾಹ್ನ

ದಸ್ತಗೀರನ ನೆನಪು ಸುಳ್ಳಲ್ಲವೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ವರ್ಷಗಟ್ಟಲೆ ಅವನಿಗೆ ಹೇಳಲಿಲ್ಲ — ಇದೇ ನನ್ನ ತಪ್ಪು. ಉಳಿದದ್ದೆಲ್ಲ ಅದರ ವಿವರ.

ನಿವೃತ್ತನಾದ ಮೇಲೆ ಕಲಘಟಗಿಯ ಮನೆಯಲ್ಲಿ ಒಬ್ಬನೇ ಕುಳಿತು, ಹತ್ಯೆಗೀಡಾದ ಅಮೆರಿಕದ ಅಧ್ಯಕ್ಷರ ಕುರಿತು ಅಂತರ್ಜಾಲದ ಪತ್ರಾಗಾರಗಳಲ್ಲಿ ಹಳೆಯ ಪತ್ರಿಕೆಗಳನ್ನು ಓದುತ್ತಿದ್ದೆ. ಎರಡು ಆಧಾರಗಳು ತಾಳೆಯಾಗದ ತಾರೀಖನ್ನು ಒಪ್ಪುತ್ತಿರಲಿಲ್ಲ. ಈ ಗೀಳನ್ನು ಸಹಿಸಿಕೊಂಡು ಬರುತ್ತಿದ್ದವನು ದಸ್ತಗೀರನೊಬ್ಬನೇ — ಪಕ್ಕದ ಓಣಿಯ ನಿವೃತ್ತ ಶಿಕ್ಷಕ, ಮೂಲತಃ ಮೊರಬದವನು. "ಏನ್ ಸಾಹೇಬ್ರ, ಇವತ್ತ ಯಾರ ಖೂನಿ ಆತು?" ಎನ್ನುತ್ತಲೇ ಒಳಗೆ ಕಾಲಿಡುತ್ತಿದ್ದ.

ಒಮ್ಮೆ ತನ್ನ ತಂದೆಯ ಮಾತು ತೆಗೆದ. ಹೆಸರುಕಾಳು ಬಿತ್ತಿ ಬಂದ ತಂದೆ, ಮಧ್ಯಾಹ್ನ ಚಹಾದಂಗಡಿಯ ರೇಡಿಯೊದಲ್ಲಿ ಅಮೆರಿಕದ ಅಧ್ಯಕ್ಷನಿಗೆ ಗುಂಡು ಹೊಡೆದ ಸುದ್ದಿ ಕೇಳಿ, ಮಗನ ತಲೆಯ ಮೇಲೆ ಕೈಯಿಟ್ಟು, "ಪಾಪ, ಅವನ ಮಕ್ಕಳು ಇನ್ನೂ ಸಣ್ಣವು ಅದಾವಂತ" ಎಂದರಂತೆ. ಅದೇ ಸಂಜೆ ಎದೆನೋವಿನಿಂದ ತೀರಿಕೊಂಡರು. ತಂದೆಯ ಧ್ವನಿಯೆಂದು ಅವನಲ್ಲಿ ಉಳಿದದ್ದು ಆ ಒಂದೇ ಮಾತು.

ಕೇಳಿ ಸುಮ್ಮನಿರಬೇಕಿತ್ತು. ನಾನು — ಮೊರಬಕ್ಕೆ ಹೋಗಿ ಗೋರಿಯ ಕಲ್ಲಿನ ಮೇಲಿನ ತಾರೀಖನ್ನು ಬರೆದುಕೊಂಡು ಬಂದೆ. ರೇಡಿಯೊ ಬಂದ ಮೇಲೆ ಕೊಲೆಯಾದ ಅಧ್ಯಕ್ಷ ಒಬ್ಬನೇ; ಅವನು ಸತ್ತ ತಾರೀಖಿನೊಂದಿಗೆ ಅದರ ತಿಂಗಳು ಕೂಡಲಿಲ್ಲ, ವರ್ಷವೂ ಕೂಡಲಿಲ್ಲ. ಊರ ವಾಚನಾಲಯದ ಸಭೆಯಲ್ಲಿ, ಅವನು ಎದುರಿಗೇ ಕುಳಿತಿರುವಾಗ, ನೆನಪನ್ನು ಏಕೆ ನಂಬಬಾರದು ಎಂಬುದಕ್ಕೆ ಅದನ್ನೇ ಉದಾಹರಣೆ ಮಾಡಿದೆ. ಯಾರ ನೆನಪೆಂದು ಹೇಳಲಿಲ್ಲ. ಮೊರಬ ಎಂದೊಡನೆ ಎಲ್ಲರೂ ಅವನತ್ತ ತಿರುಗಿದರು. ಹಿಂದಿನಿಂದ ಯಾರೋ, "ಮಾಸ್ತರು ಕತಿ ಚಲೋ ಕಟ್ಯಾರ" ಎಂದು ನಕ್ಕರು.

ಹೊರಗೆ ಬಂದು ದಸ್ತಗೀರ ಕೇಳಿದ್ದು ಇಷ್ಟೇ: "ಹಂಗಾದ್ರ ನಾ ಕೇಳಿದ್ದು ಯಾರ ದನಿರಿ?"

ವಾರದೊಳಗೆ ನನಗೆ ಉತ್ತರ ಸಿಕ್ಕಿತು. ಆ ಅಧ್ಯಕ್ಷನ ತಮ್ಮನನ್ನೂ ವರ್ಷಗಳ ಬಳಿಕ ಕೊಂದಿದ್ದರು. ನನಗೆ ತಿಳಿದಿದ್ದ ಸಂಗತಿಯೇ. ಆದರೆ ಆತ ಅಧ್ಯಕ್ಷ ಪದವಿಯ ಆಕಾಂಕ್ಷಿ, ಅಧ್ಯಕ್ಷನಲ್ಲ — ಆದ್ದರಿಂದ ನನ್ನ ಅಧ್ಯಯನದ ಹೊರಗಿದ್ದ. ಹಳೆಯ ಪತ್ರಿಕೆಯಲ್ಲಿ ಆತನಿಗೆ ಗುಂಡು ಹೊಡೆದ ತಾರೀಖು ನೋಡಿದೆ — ಗೋರಿಯ ಕಲ್ಲಿನದೇ. ಅಷ್ಟಾದರೂ ಸೋಲಲು ಮನಸ್ಸಿಲ್ಲದೆ ವೇಳೆಯನ್ನು ತಾಳೆ ನೋಡಿದೆ — ಅಲ್ಲಿ ನಡುರಾತ್ರಿ ಕಳೆದು ಗುಂಡು ಹಾರಿದಾಗ ಇಲ್ಲಿ ಮಧ್ಯಾಹ್ನ. ಹೆಸರುಕಾಳು ಬಿತ್ತುವ ಮುಂಗಾರಿನ ತಿಂಗಳು. ಆಗ ಚಿಕ್ಕ ಹುಡುಗನಾಗಿದ್ದ ದಸ್ತಗೀರ ತಪ್ಪಿದ್ದು ಪದವಿಯೊಂದರಲ್ಲಿ ಮಾತ್ರ.

ಸಭೆಯ ಆ ಮಾತನ್ನೇ ಬರೆದಿದ್ದ ನನ್ನ ಲೇಖನ ಅಷ್ಟರಲ್ಲಿ ಅಚ್ಚಿಗೆ ಹೋಗಿತ್ತು. ಹಿಂದಕ್ಕೆ ತರಿಸಬಹುದಿತ್ತು. ಪಕ್ಕದ ಓಣಿಗೆ ನಡೆದು ಹೋಗಬಹುದಿತ್ತು. ಎದ್ದು ಕಂಪ್ಯೂಟರ್ ಆರಿಸಿದೆ.

ಅವನು ಬರುವುದನ್ನು ನಿಲ್ಲಿಸಿದ. ಮುಂದೆ ಮನೆ ಖಾಲಿ ಮಾಡಿ ಮೊರಬಕ್ಕೇ ಹೋದ. ಓದಿದ್ದನ್ನು ಹೇಳಿಕೊಳ್ಳಲು ನನಗೆ ಯಾರೂ ಉಳಿಯಲಿಲ್ಲ. ಕೆಲವು ದಿನ ಓದುತ್ತ ಓದುತ್ತ ಬಾಗಿಲ ಕಡೆ ನೋಡುತ್ತಿದ್ದೆ —

ಕಳೆದ ತಿಂಗಳು ಹೋಗಿ ಎಲ್ಲವನ್ನೂ ಹೇಳಿದೆ. ಚಹಾ ಕೊಟ್ಟು, ಪೂರ್ತಿ ಕೇಳಿದ. ಸಿಟ್ಟಾಗಲಿಲ್ಲ.

"ಇರ್ಲಿ ಬಿಡ್ರಿ. ಸುಳ್ಳಂದ್ರಿ, ನಾನೂ ಮನಸಿನಿಂದ ತಗದ ಹಾಕಿದ್ನಿ. ಈಗ ನೆನಸಿದ್ರ ಅಬ್ಬಾನ ಮಾರಿ ಕಾಣ್ತದ, ಬಾಯಿ ಆಡ್ತದ... ದನಿ ಬರಂಗಿಲ್ರಿ."

ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಅದರಿಂದ ಆ ದನಿ ಮರಳುವುದಿಲ್ಲ — ಅದೂ ನನಗೆ ಗೊತ್ತಿದೆ.