ಭಾನುವಾರದ ತಲೆನೋವು

ಅಥವಾ ಅದು ಒಣಶುಂಠಿಯೇ ಅಲ್ಲವೇನೋ. ಲವಂಗವಿರಬಹುದು. ಅಮ್ಮ ಏನನ್ನೋ ತೇಯ್ದು ಅಕ್ಕನ ಹಣೆಗೆ ಹಚ್ಚುತ್ತಿದ್ದಳು, ಅದು ಒಣಗಿ ರೈಲಿನಲ್ಲಿ ಅವಳ ಸೀರೆಯ ಮೇಲೆ ಪುಡಿಪುಡಿಯಾಗಿ ಉದುರುತ್ತಿತ್ತು ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಆದರೆ ಗಾರ್ಮೆಂಟ್ಸಿಗೆ ಹೋಗುವಾಗ ಅಕ್ಕ ಸೀರೆ ಉಡುತ್ತಲೇ ಇರಲಿಲ್ಲ. ಚೂಡಿದಾರ. ಶುರುವಿನಲ್ಲೇ ಹೀಗಾದರೆ ಮುಂದಿನದನ್ನು ನಾನೇ ನಂಬುವುದು ಹೇಗೆ?

ಇಷ್ಟಂತೂ ನಿಜ. ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಯವರು ಸಾಲಾಗಿ ಕಟ್ಟಿಸಿದ್ದ ನಮ್ಮ ಲೈನ್ ಮನೆಯಿಂದ ಅಕ್ಕ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಬಂಗಾರಪೇಟೆಯ ಕಾಲೇಜಿನವರೆಗೆ ನಾನೂ ಜೊತೆಗಿರುತ್ತಿದ್ದೆ. ಮಧ್ಯಾಹ್ನಕ್ಕೆ ಅವಳಿಗೆ ತಲೆನೋವು ಶುರುವಾದರೆ, ಮನೆ ಸೇರುವಷ್ಟರಲ್ಲಿ ಬಲ್ಬಿನ ಬೆಳಕನ್ನೂ ನೋಡಲಾಗುತ್ತಿರಲಿಲ್ಲ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಅವಳು ಮಲಗಿಬಿಟ್ಟರೆ ನಮಗೆ ಬೇರೆ ದಾರಿಯಿರಲಿಲ್ಲ.

ಅಮ್ಮ ಕಾಮಸಮುದ್ರದ ಹಳ್ಳಿ ಕಡೆಯವಳು, ಮನೆಮದ್ದು ಬಲ್ಲವಳು. ನೀಲಗಿರಿ ಸೊಪ್ಪು ಕುದಿಸಿ ಹಬೆ ಕೊಟ್ಟಳು, ನೆತ್ತಿಗೆ ಹರಳೆಣ್ಣೆ ತಟ್ಟಿದಳು, ಹಳೇ ಪಂಚೆಯನ್ನು ಹಣೆಗೆ ಬಿಗಿದಳು. ಸ್ವಲ್ಪ ಹೊತ್ತು ಹಿತವಾಗಿರುತ್ತಿತ್ತು, ಅಷ್ಟೆ. ಲೇಪ ಹಚ್ಚಿಕೊಂಡೇ ರೈಲು ಹತ್ತಿದ ದಿನ ಹೆಂಗಸರ ಡಬ್ಬಿಯಲ್ಲಿ ನಗು.

"ಏನಕ್ಕಾ, ಚಟ್ನೀನ ಡಬ್ಬಿಗಾಕೋದು ಬಿಟ್ಟು ಅಣೆಗಾಕ್ಕೊಂಡು ಬಂದಿದ್ದೀಯಾ?"

"ದೋಸೆ ತಂದಿದ್ರೆ ಬಾರೇ, ಅದ್ಕೊಂಡು ತಿನ್ನು," ಎಂದಳು ಅಕ್ಕ.

ಕೊನೆಗೆ ಬಂಗಾರಪೇಟೆಯ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದೆವು. "ಮಾತ್ರೆ ಆಮೇಲೆ. ಮೊದಲು ನೀರು ಕುಡೀರಿ, ಬೆಳಿಗ್ಗೆಯಿಂದ ಸ್ವಲ್ಪ ಸ್ವಲ್ಪವಾಗಿ. ಹೊಟ್ಟೆ ಖಾಲಿ ಬಿಡಬೇಡಿ, ನಿದ್ದೆ ಕೆಡಿಸ್ಕೋಬೇಡಿ," ಎಂದರು. ಹೊರಗೆ ಬಂದು ಅಕ್ಕ ನಕ್ಕಳು. ರೈಲಿನ ಆ ಡಬ್ಬಿಯಲ್ಲಿ ಯಾರೂ ಬಾಟಲಿ ಮುಚ್ಚಳ ತೆಗೆಯುವುದಿಲ್ಲ. ನಿಂತವರನ್ನು ಸೀಳಿಕೊಂಡು ಕಕ್ಕಸಿನವರೆಗೆ ಹೋಗಲಾಗದು. ಗಾರ್ಮೆಂಟ್ಸಿನಲ್ಲಿ ಎದ್ದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ. ಬಾಯಿ ಒಣಗಿದರೆ ನಾಲಿಗೆಯಡಿಗೆ ಹುಣಸೆಹಣ್ಣಿನ ಚೂರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಹಿರಿಯರು ಪ್ರೀತಿಯಿಂದ ಕಲಿಸುತ್ತಿದ್ದ ಮೊದಲ ಪಾಠವೇ ಅದು: ಬೆಳಿಗ್ಗೆ ನೀರು ಕುಡೀಬೇಡ.

ಆದರೂ ನಾನು ದಿನಾ ಬೇತಮಂಗಲದ ಕೆರೆಯಿಂದ ನಮ್ಮ ನಲ್ಲಿಗೆ ಬರುವ ನೀರನ್ನು ಬಾಟಲಿಗೆ ತುಂಬಿಸಿ ಅವಳ ಚೀಲದಲ್ಲಿಡುತ್ತಿದ್ದೆ. ಸಂಜೆ ಅದು ತುಂಬಿದ್ದು ತುಂಬಿದ ಹಾಗೇ ಬರುತ್ತಿತ್ತು.

"ಬೇತಮಂಗಲದ ನೀರು ಬೆಂಗ್ಳೂರು ನೋಡ್ಕೊಂಡು ಬಂತು ಕಣೇ," ಎಂದು ಕರಿಬೇವಿನ ಗಿಡಕ್ಕೆ ಸುರಿಯುತ್ತಿದ್ದಳು.

ನನ್ನ ನೆನಪಿನಲ್ಲಿ ಭಾನುವಾರ ಅವಳಿಗೆ ತಲೆನೋವಿಲ್ಲ. ಚೊಂಬುಗಟ್ಟಲೆ ನೀರು ಕುಡಿದು, ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಾಳೆ. ನೀರೇ ಮದ್ದು ಎಂದು ನಾನು ನಂಬಿದ್ದು ಆ ಭಾನುವಾರಗಳಿಂದ. ಅಮ್ಮನನ್ನು ಕೇಳಿದರೆ, "ಬಾನುವಾರಾನೇ ಜಾಸ್ತಿ. ಬಾಗ್ಲಾಕ್ಕೊಂಡು ಮನ್ಗುತಿದ್ಲು. ನಿಂಗೇನ್ ಗೊತ್ತು, ನೀನು ಮನೇಲಿದ್ರೆ ತಾನೆ," ಎನ್ನುತ್ತಾಳೆ.

ಒಂದು ದಿನ ಅಕ್ಕ ಹೊಲಿಗೆ ಮಿಷನ್ನಿನ ಮೇಲೆಯೇ ತಲೆಯಿಟ್ಟಳು, ಏಳಲಿಲ್ಲ. ಜೊತೆಯವರು ಆಸ್ಪತ್ರೆಗೆ ಸೇರಿಸಿದರು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಕೆಲಸ ಹೋಯಿತು. ಕಾಲೇಜು ಬಿಟ್ಟು ಅವಳ ರೈಲನ್ನು ಈಗ ನಾನು ಹತ್ತುತ್ತೇನೆ. ಹುಣಸೆಹಣ್ಣು ನನ್ನ ಚೀಲದಲ್ಲೂ ಇದೆ.

ಈಗ ಅಕ್ಕನ ಕೈಗೆಟುಕುವಲ್ಲಿ ಚೊಂಬು ಇರುತ್ತದೆ. ಹೊತ್ತಿಗೆ ಊಟ, ಬೇಕಾದಷ್ಟು ನಿದ್ದೆ. ಡಾಕ್ಟರಮ್ಮ ಹೇಳಿದ್ದೆಲ್ಲ ನಡೆಯುತ್ತಿದೆ. ತಲೆನೋವು ಮಾತ್ರ ಹೋಗಿಲ್ಲ, ಮಧ್ಯಾಹ್ನಕ್ಕೆ ಸರಿಯಾಗಿ ಬರುತ್ತದೆ.

ಮೊನ್ನೆ ಅವಳನ್ನೇ ಕೇಳಿದೆ, ಆಗ ಭಾನುವಾರ ನೋಯುತ್ತಿತ್ತಾ ಎಂದು. ಕಣ್ಣ ಮೇಲಿನ ಒದ್ದೆ ಬಟ್ಟೆ ತೆಗೆಯದೆ, "ಬಾನುವಾರ ಅಂತ ಒಂದಿತ್ತೇನೇ ನಂಗೆ?" ಎಂದು ಗೋಡೆಯ ಕಡೆ ತಿರುಗಿದಳು.

ಆಗಲೇ ನೀರು ಕುಡಿದಿದ್ದರೆ ಅವಳು ಹೀಗಾಗುತ್ತಿರಲಿಲ್ಲವೋ, ನನಗೆ ಗೊತ್ತಿಲ್ಲ. ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದವಳು ಅಕ್ಕನೇ ಹೌದೋ, ಅದೂ ಗೊತ್ತಿಲ್ಲ.