ಅಪ್ಪನ ಎಡೆಗೆ ಇಟ್ಟ ಬರ್ಗರ್

ಅಪ್ಪ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದರು. ಕುಣಿಗಲ್‌ನಿಂದ ತುಮಕೂರು, ಅಲ್ಲಿಂದ ಗುಬ್ಬಿ, ಮತ್ತೆ ವಾಪಸ್ಸು. ಎಂಬತ್ತರ ದಶಕದ ಕೊನೆಯಲ್ಲಿ, ಬೆಂಗಳೂರು, ಮೈಸೂರುಗಳಲ್ಲಿ ಆಗಲೇ ಅಂಗಡಿಗಳಿದ್ದ ಫಾಸ್ಟ್‌ಫುಡ್‌ನವರು ತುಮಕೂರಿನ ಬಸ್ ನಿಲ್ದಾಣದ ಹತ್ತಿರವೂ ಒಂದು ತೆರೆದರು. ಅಲ್ಲಿನ ಪುಟ್ಟ ಬರ್ಗರ್ ಅಪ್ಪನಿಗೆ ಬಹಳ ಹಿಡಿಸಿತ್ತು. "ಅಂಗೈಯಷ್ಟೂ ಇರಲ್ಲ ಕಣೇ" ಎಂದು ಅವ್ವನಿಗೆ ಬೆರಳು ಮಡಚಿ ಅಳತೆ ತೋರಿಸುತ್ತಿದ್ದರು. "ನಮಗೂ ಒಂದಿನ ತಂದ್ರೆ ನಿಮ್ ಗಂಟೇನ್ ಹೋಯ್ತದೆ?" ಎಂದು ಅವ್ವ ಕೇಳಿದರೆ, "ನಾಳೆ" ಎನ್ನುತ್ತಿದ್ದರು. ಆ ನಾಳೆ ಬರುವ ಮೊದಲೇ, ಟಿಕೆಟ್ ಹರಿಯುತ್ತಿದ್ದವರು ಎದೆ ಹಿಡಿದುಕೊಂಡು ಬಸ್ಸಿನಲ್ಲೇ ಹೋಗಿಬಿಟ್ಟರು.

ಆ ವರ್ಷದ ಪಕ್ಷದ ಹಬ್ಬಕ್ಕೆ ಅವರದು ಮೊದಲ ಎಡೆ. ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರುತ್ತಾರೆ. ಅವರು ಬಂದು ಉಣ್ಣಲಿ ಎಂದು.

ಅದೇ ವಾರ ನನಗೆ ಮೈಸೂರಿನಲ್ಲಿ ಎಂ.ಎ. ಸೀಟು ಸಿಕ್ಕಿತ್ತು. ಹೋಗುವುದೋ ಬಿಡುವುದೋ ಅವ್ವನ ಒಂದು ಮಾತಿನ ಮೇಲಿತ್ತು. ಆ ಮಾತನ್ನು ಅವಳು ಆಡಲಿಲ್ಲ. "ನಿಮ್ಮಪ್ಪನ್ನೇ ಕೇಳಾನ. ಎಡೇಲಿ ಗೊತ್ತಾಯ್ತದೆ. ಅವ್ರು ಬ್ಯಾಡ ಅಂದ್ರೆ ಬ್ಯಾಡ" ಎಂದಳು. ವಾದಿಸಬಹುದಿತ್ತು, ನಾನು ವಾದಿಸುವವಳಲ್ಲ.

ಹಬ್ಬದ ಬೆಳಿಗ್ಗೆ ಬರ್ಗರ್ ತರಲು ನಾನೇ ತುಮಕೂರಿಗೆ ಹೋದೆ. ಹಗಲಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿದ್ದ ಅಂಗಡಿ, ನಿಂತೇ ತಿನ್ನುವ ಎತ್ತರದ ಮೇಜುಗಳು. "ಯಾರಿಗ್ ಮೇಡಂ, ಮನೇಲಿ ಮಕ್ಕಳಿಗಾ?" ಎಂದು ಕೌಂಟರಿನವನು ಕೇಳಿದ.

"ನಮ್ಮ ತಂದೆಗೆ."

ಒಂದೊಂದನ್ನೂ ಬೇರೆ ಬೇರೆ ಬಟರ್ ಪೇಪರ್‌ನಲ್ಲಿ ಸುತ್ತಿಕೊಟ್ಟ. ಎಡೆಗೆ ಮೊದಲು ಬಾಯಿಗೆ ಹಾಕುವಂತಿಲ್ಲ. ರುಚಿ ನೋಡದೆ ಹೊರಟೆ.

ಸಂಜೆ ಅವ್ವ ಅವನ್ನು ಮುದ್ದೆ, ಬಾಡಿನ ಸಾರು, ವಡೆಗಳ ಪಕ್ಕ ಹಾಗೇ ಇಟ್ಟಳು, ಪೇಪರ್ ಸಮೇತ. ಬಿಚ್ಚಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ, ನನಗೂ ಹೊಳೆಯಲಿಲ್ಲ. ಅಪ್ಪನ ಅತ್ತಿಗೆ, ನಮ್ಮ ದೊಡ್ಡವ್ವ, "ಏನೇ ಇದು, ಸೋಪಿನ ಬಿಲ್ಲೆ ಇಟ್ಟಂಗ್ ಇಟ್ಟಿದೀಯ!" ಎಂದು ನಕ್ಕಳು.

"ಅವ್ರು ತಿಂದಿರೋದೇ. ಅವ್ರಿಗ್ ಗೊತ್ತಾಯ್ತದೆ, ಬುಡಕ್ಕ" ಎಂದು ಅವ್ವ ಬಾಗಿಲು ಎಳೆದುಕೊಂಡಳು.

ಮೂವರೂ ನಡುಮನೆಯಲ್ಲಿ ಕೂತೆವು. ಎಡೆ ಇಟ್ಟ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದರ ಚಿಲಕವನ್ನು ನಾನೇ ಹಾಕಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಪೇಪರ್ ಬಿಚ್ಚುವ ಸದ್ದು ಬಂತು. ಅವಸರವಿಲ್ಲದ ಸದ್ದು. ಒಂದು ಮಡಿಕೆ, ತಡೆದು ಇನ್ನೊಂದು ಮಡಿಕೆ.

"ಇಲಿ" ಎಂದಳು ದೊಡ್ಡವ್ವ. ಆದರೆ ಓಡಿಸಲು ಏಳಲಿಲ್ಲ. ಅವ್ವ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು.

ಸದ್ದು ನಿಂತು ಬಹಳ ಹೊತ್ತಾದ ಮೇಲೆ ಅವ್ವ ಬಾಗಿಲು ತಟ್ಟಿ ತೆರೆದಳು. ಮುದ್ದೆ ಬಡಿಸಿದಂತೆಯೇ ಇತ್ತು, ಬಾಡೂ ಹಾಗೆಯೇ. ಒಂದು ಬರ್ಗರ್ ಮಾತ್ರ ಎಲೆಯಿಂದಾಚೆ, ಬಾಗಿಲ ಕಡೆಗೆ ಸರಿದಿತ್ತು. ಅದರ ಪೇಪರ್ ನಾಲ್ಕೂ ಕಡೆ ಬಿಚ್ಚಿ, ಯಾರೋ ಅಂಗೈಯಿಂದ ಸವರಿದಂತೆ ಚಪ್ಪಟೆಯಾಗಿ ಹರಡಿತ್ತು. ಎಲ್ಲೂ ಹಲ್ಲಿನ ಗುರುತಿರಲಿಲ್ಲ.

"ಏನೂ ಮುಟ್ಟೇ ಇಲ್ಲ ಕಣೇ. ಬ್ಯಾಡ ಅಂದವ್ರೆ" ಎಂದಳು ದೊಡ್ಡವ್ವ.

ಅವ್ವ ಆ ಪೇಪರನ್ನೇ ನೋಡುತ್ತಾ ನಿಂತಳು. "ಬ್ಯಾಡ ಅನ್ನೋರು ಬಿಚ್ಚಿ ಕೊಡ್ತಾರಾ ಅಕ್ಕ? ಮಗೀಗ್ ಬಿಚ್ಚಿಟ್ಟವ್ರೆ." ನನ್ನ ಕಡೆ ತಿರುಗಿ, "ತಿನ್ನು" ಎಂದಳು.

ತಿಂದೆ. ತುಸು ಸಿಹಿಯಾದ ಬನ್ನು, ಒಳಗೆ ಆಲೂಗಡ್ಡೆಯ ಬಿಲ್ಲೆ, ಹಸಿ ಈರುಳ್ಳಿ, ಹುಳಿ ಸಾಸು. ಬೆಳಿಗ್ಗೆ ತಂದದ್ದು, ಆದರೂ ಒಳಗೆ ಬಿಸಿಯಾಗಿತ್ತು. ದೀಪದ ಕಾವಿರಬೇಕೆಂದು ನೋಡಿದೆ. ದೀಪ ಎಲೆಯ ಆಚೆ ತುದಿಯಲ್ಲಿತ್ತು. ಉಳಿದವನ್ನು ಅವ್ವ ಹಂಚಲು ಹೋದಾಗ ದೊಡ್ಡವ್ವ ಕೈ ಹಿಂದೆ ಕಟ್ಟಿಕೊಂಡು, "ನಂಗ್ ಬ್ಯಾಡ ಕಣವ್ವ, ಹಲ್ಲು ನೋವು" ಎಂದಳು.

"ಹೆಂಗದೆ?" ಎಂದು ಅವ್ವ ನನ್ನನ್ನು ಕೇಳಿದಳು.

"ಚೆನ್ನಾಗಿದೆ." ಬಿಸಿಯಾಗಿತ್ತೆಂದು ಹೇಳಲಿಲ್ಲ.

"ಹಂಗಾರೆ ಹೋಗು. ಮೈಸೂರುಗಂಟ ಅವ್ರೇ ಬುಟ್ಟು ಬತ್ತಾರೆ."

ಹೊರಟ ದಿನ ಬಸ್ಸು ಹುಲಿಯೂರುದುರ್ಗದಲ್ಲಿ ತುಂಬಿಹೋಯಿತು. ಜನ ಬಾಗಿಲವರೆಗೂ ನಿಂತಿದ್ದರು. ನನ್ನ ಪಕ್ಕದ ಸೀಟು ಖಾಲಿಯೇ ಇತ್ತು. ಕೂಸು ಎತ್ತಿಕೊಂಡಿದ್ದ ಹೆಂಗಸೊಬ್ಬಳನ್ನು "ಬನ್ನಿ, ಕೂತ್ಕೊಳ್ಳಿ" ಎಂದು ಕರೆದೆ. ಅವಳು ಸೀಟನ್ನೊಮ್ಮೆ ನೋಡಿ, ಕೂಸನ್ನು ಇನ್ನೊಂದು ತೋಳಿಗೆ ಬದಲಿಸಿ, "ಪರ್ವಾಗಿಲ್ಲ ಬುಡವ್ವ" ಎಂದು ಹಿಂದೆ ಸರಿದಳು. ಮೈಸೂರು ಬರುವವರೆಗೂ ಅಲ್ಲಿ ಯಾರೂ ಕೂರಲಿಲ್ಲ. ನಾನೂ ಅದರ ಮೇಲೆ ನನ್ನ ಚೀಲ ಇಡಲಿಲ್ಲ.